ಲೇಬಲ್ ಪ್ರಿಂಟರಿನ ಡಿಟಿಆರ್ ತಂತಿಯನ್ನು ಕಂಪ್ಯೂಟರಿನ ಸಿಟಿಎಸ್‌ಗೆ ಜೋಡಿಸಬಹುದೇ?

ಪ್ರಶ್ನೆ

ನಮ್ಮ ಪ್ಯಾಕಿಂಗ್ ವಿಭಾಗದಲ್ಲಿ 203 ಡಿಪಿಐನ (ಇಂಚಿಗೆ 203 ಚುಕ್ಕಿ) ಹಳೆಯ ಥರ್ಮಲ್ ಲೇಬಲ್ ಪ್ರಿಂಟರೊಂದನ್ನು ಸೀರಿಯಲ್ ಪೋರ್ಟಿನ ಮೂಲಕ ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿದ್ದೇವೆ. ವೇಗ 9600, ಡೇಟಾ ಬಿಟ್ 8, ಸ್ಟಾಪ್ ಬಿಟ್ 1, ಪ್ಯಾರಿಟಿ ಇಲ್ಲ. ಎರಡೂ ಕಡೆ ಇದೇ ಸೆಟ್ಟಿಂಗ್ ಇದೆ. ವಿಚಿತ್ರವೆಂದರೆ, ದೊಡ್ಡ ಲೋಗೋ ಇರುವ ಲೇಬಲ್‌ಗಳನ್ನು ಎಷ್ಟು ಕಳುಹಿಸಿದರೂ ಸರಿಯಾಗಿ ಬರುತ್ತವೆ. ಬರೀ ಅಕ್ಷರ ಮತ್ತು ಬಾರ್‌ಕೋಡ್ ಇರುವ ಚಿಕ್ಕ ಲೇಬಲ್‌ಗಳ ದೊಡ್ಡ ಕಂತನ್ನು ಕಳುಹಿಸಿದಾಗ ಮಾತ್ರ ನಡುವೆ ಕೆಲವು ಲೇಬಲ್‌ಗಳು ಕಾಣೆಯಾಗುತ್ತವೆ, ಇಲ್ಲವೇ ಒಂದರ ಸಾಲು ಇನ್ನೊಂದರಲ್ಲಿ ಸೇರಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಆರ್‌ಟಿಎಸ್-ಸಿಟಿಎಸ್ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಎದುರಿನ ಸಾಧನ ಸಿದ್ಧವಿಲ್ಲದಾಗ ಕಳುಹಿಸುವುದನ್ನು ತಂತಿಯ ಸಂಕೇತದಿಂದ ತಡೆಯುವ ವ್ಯವಸ್ಥೆ; ಆರ್‌ಟಿಎಸ್ ಕಂಪ್ಯೂಟರು ಹೊರಗೆ ಕೊಡುವ ಸಂಕೇತ, ಸಿಟಿಎಸ್ ‘ಕಳುಹಿಸಬಹುದು’ ಎಂದು ಅದು ಓದುವ ಸಂಕೇತ) ಆನ್ ಆಗಿದೆ. ಪ್ರಿಂಟರಿನ ಕೈಪಿಡಿಯಲ್ಲಿ ಡಿಟಿಆರ್ (ತಾನು ಸಿದ್ಧ ಎಂದು ಪ್ರಿಂಟರು ತಿಳಿಸುವ ಸಂಕೇತ) ಎಂದಷ್ಟೇ ಇದೆ. ಕೇಬಲ್ ಅಂಗಡಿಯಲ್ಲಿ ಮಾಡಿಸಿದ್ದು. ಕನೆಕ್ಟರ್ ಬಿಚ್ಚಿ ನೋಡಿದರೆ ಪಿನ್ 2 ಮತ್ತು 3 ಅದಲುಬದಲಾಗಿವೆ, 5 ನೇರವಾಗಿದೆ, 7 ಮತ್ತು 8ನ್ನು ಅಲ್ಲಿಯೇ ಒಂದಕ್ಕೊಂದು ಬೆಸುಗೆ ಹಾಕಿದ್ದಾರೆ.

ಉತ್ತರ 1

ಕೇಬಲ್ ಮುಟ್ಟದೆ ಮೊದಲು ಎಕ್ಸ್‌ಆನ್-ಎಕ್ಸ್‌ಆಫ್ ಪ್ರಯತ್ನಿಸಿ. ಪ್ರಿಂಟರು ನಿಲ್ಲಿಸಲು 19 ಮತ್ತು ಮುಂದುವರಿಸಲು 17 ಎಂಬ ಬೈಟನ್ನು ದತ್ತಾಂಶದ ತಂತಿಯಲ್ಲೇ ಕಳುಹಿಸುವುದರಿಂದ ನಿಮ್ಮ ಮೂರು ತಂತಿಗಳೇ ಸಾಕು. ಆದರೆ ನಿಮ್ಮ ತಂತ್ರಾಂಶ ಪೋರ್ಟನ್ನು ರಾ ಸ್ಥಿತಿಯಲ್ಲಿ (ಯಾವ ಬೈಟಿಗೂ ವಿಶೇಷ ಅರ್ಥ ಕೊಡದೆ) ತೆರೆಯುತ್ತಿದ್ದರೆ ಈ ಸೌಲಭ್ಯವೂ ಆಫ್ ಆಗಿರುತ್ತದೆ.

ಉತ್ತರ 2

ಮೇಲಿನ ಉಪಾಯದಿಂದ ಕೆಲಸ ಸಾಗಬಹುದು, ಆದರೆ ದೋಷವಿರುವುದು ಕೇಬಲ್‌ನಲ್ಲಿ. 7 ಮತ್ತು 8 ಒಂದಾಗಿರುವುದರಿಂದ ಕಂಪ್ಯೂಟರು ತನ್ನದೇ ಆರ್‌ಟಿಎಸ್ ಅನ್ನು ಸಿಟಿಎಸ್ ಎಂದು ಓದಿಕೊಂಡು, ಪ್ರಿಂಟರು ಸದಾ ಸಿದ್ಧವಾಗಿದೆ ಎಂದು ನಂಬುತ್ತದೆ.

ಲೋಗೋದ ಒಗಟನ್ನು ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ, ಸ್ಟಾರ್ಟ್ ಮತ್ತು ಸ್ಟಾಪ್ ಬಿಟ್ ಸೇರಿ ಬೈಟಿಗೆ 10 ಬಿಟ್ ಆಗುವುದರಿಂದ, ಸೆಕೆಂಡಿಗೆ 960 ಬೈಟ್ ಹೋಗುತ್ತವೆ. 50 ಮಿಮೀ ಅಗಲ, 25 ಮಿಮೀ ಎತ್ತರದ ಲೋಗೋ ಎಂದರೆ 400 ಗುಣಿಸು 200 ಚುಕ್ಕಿ, ಬೈಟಿಗೆ 8 ಚುಕ್ಕಿಯಂತೆ 10,000 ಬೈಟ್. ಅದು ತಲುಪಲು ಹತ್ತು ಸೆಕೆಂಡಿಗೂ ಹೆಚ್ಚು ಬೇಕಾಗುವುದರಿಂದ ಪ್ರಿಂಟರೇ ತಂತಿಗಾಗಿ ಕಾಯುತ್ತದೆ. ಅಕ್ಷರದ ಲೇಬಲ್ 300 ಬೈಟ್ ಇದ್ದರೆ ಸೆಕೆಂಡಿಗೆ ಮೂರು ಬಂದು ಬೀಳುತ್ತವೆ, ಅಚ್ಚಾಗುವುದು ಒಂದೇ. ಉಳಿದದ್ದು ಪ್ರಿಂಟರಿನ ಬಫರಿನಲ್ಲಿ (ತಾತ್ಕಾಲಿಕ ಸ್ಮೃತಿ) ಸೇರುತ್ತಾ ಹೋಗಿ ಕೊನೆಗೆ ಉಕ್ಕುತ್ತದೆ. ರೋಲ್ ಮುಗಿದಾಗಲಂತೂ ಇನ್ನೂ ಬೇಗ.

ನಿಮ್ಮ ಪ್ರಶ್ನೆಗೆ ಉತ್ತರ: ಜೋಡಿಸಬಹುದು, ಜೋಡಿಸಲೇಬೇಕು. ಲಿನಕ್ಸ್‌ನ ಸಾಮಾನ್ಯ ಸೀರಿಯಲ್ ಚಾಲಕದಲ್ಲಿ ಡಿಟಿಆರ್-ಡಿಎಸ್‌ಆರ್ (ಡಿಎಸ್‌ಆರ್ ಎಂದರೆ ಎದುರಿನ ಸಾಧನದ ಡಿಟಿಆರ್ ಅನ್ನು ಸಾಮಾನ್ಯವಾಗಿ ಓದುವ ಪಿನ್) ಫ್ಲೋ ಕಂಟ್ರೋಲ್ ಇಲ್ಲ. ಅದು ಗಮನಿಸುವುದು ಸಿಟಿಎಸ್ ಮಾತ್ರ. ಆದ್ದರಿಂದ ಕಂಪ್ಯೂಟರಿನ ಕಡೆ 7-8ರ ಬೆಸುಗೆಯನ್ನು ಬಿಡಿಸಿ, ಪ್ರಿಂಟರಿನ 4ನೇ ಪಿನ್ನಿನಿಂದ (ಡಿಟಿಆರ್) ಕಂಪ್ಯೂಟರಿನ 8ನೇ ಪಿನ್ನಿಗೆ (ಸಿಟಿಎಸ್) ಹೊಸ ತಂತಿ ಎಳೆಯಿರಿ. ಕೆಲವು ಪ್ರಿಂಟರುಗಳು 9ನೇ ಪಿನ್ನಿನಲ್ಲಿ 5 ವೋಲ್ಟ್ ಹೊರಗೆ ಕೊಡುತ್ತವೆ, ಅದನ್ನು ಯಾವುದಕ್ಕೂ ಸೇರಿಸಬೇಡಿ.

ಪ್ರಶ್ನೆ ಕೇಳಿದವರು

ಸಿಟಿಎಸ್ ಬಿದ್ದ ಕ್ಷಣವೇ ಕಂಪ್ಯೂಟರು ನಿಲ್ಲುತ್ತದೆಯೇ? ತಂತಿ ಎಳೆಯುವ ಮೊದಲು ಪ್ರಿಂಟರು ನಿಜವಾಗಿಯೂ ಡಿಟಿಆರ್ ಬದಲಿಸುತ್ತದೆಯೇ ಎಂದು ಪರೀಕ್ಷಿಸುವುದು ಹೇಗೆ?

ಉತ್ತರ 2

ಕ್ಷಣದಲ್ಲಿಯೇ ನಿಲ್ಲಬೇಕೆಂದಿಲ್ಲ. ಸೀರಿಯಲ್ ಪೋರ್ಟನ್ನು ನಡೆಸುವ 16550 ಮಾದರಿಯ ಚಿಪ್‌ನ ಫಿಫೋದಲ್ಲಿ (ಕಳುಹಿಸಲು ಸರದಿಯಲ್ಲಿಟ್ಟ ಚಿಕ್ಕ ಸ್ಮೃತಿ) ಆಗಲೇ ಸೇರಿರುವ 16 ಬೈಟ್‌ಗಳವರೆಗೆ ಹೊರಟುಹೋಗಬಹುದು. ಪ್ರಿಂಟರುಗಳು ಬಫರ್ ಪೂರ್ತಿ ತುಂಬುವ ಮೊದಲೇ, ಒಂದಿಷ್ಟು ಜಾಗ ಉಳಿಸಿಕೊಂಡು ಸಂಕೇತ ಕೊಡುವುದರಿಂದ ಇದು ತೊಂದರೆಯಾಗದು.

ಪರೀಕ್ಷೆಗೆ ಸಾಮಾನ್ಯ ಮಲ್ಟಿಮೀಟರ್ ಸಾಕು. ಕಪ್ಪು ಕಡ್ಡಿಯನ್ನು 5ಕ್ಕೆ, ಕೆಂಪನ್ನು ಪ್ರಿಂಟರಿನ 4ಕ್ಕೆ ಹಿಡಿಯಿರಿ. ಸಿದ್ಧವಿರುವಾಗ ಧನ ವೋಲ್ಟೇಜ್ ಕಾಣಬೇಕು. ಈಗ ಪ್ರಿಂಟರಿನ ಪಾಝ್ (ಮುದ್ರಣ ತಡೆಹಿಡಿಯುವ) ಗುಂಡಿ ಒತ್ತಿ ದೊಡ್ಡ ಕಂತನ್ನು ಕಳುಹಿಸಿ. ಬಫರ್ ತುಂಬುತ್ತಿದ್ದಂತೆ ಅದು ಋಣಕ್ಕೆ ತಿರುಗಬೇಕು. ಸೀರಿಯಲ್ ಪೋರ್ಟಿನ ಮಾನದಂಡವಾದ ಆರ್‌ಎಸ್-232ರಲ್ಲಿ ಧನ 3 ವೋಲ್ಟಿನ ಮೇಲಿದ್ದರೆ ಆನ್, ಋಣ 3ರ ಕೆಳಗಿದ್ದರೆ ಆಫ್.

ಉತ್ತರ 3

ಮುಂದೆ ವಿಂಡೋಸ್‌ಗೆ ಬದಲಾದರೂ ಈ ಕೇಬಲ್ ನಡೆಯುತ್ತದೆ. ಅಲ್ಲಿ ಮೂಲ ಸೌಲಭ್ಯದಲ್ಲಿ ಡಿಎಸ್‌ಆರ್ ಗಮನಿಸುವ ಆಯ್ಕೆ ಇದ್ದರೂ, ಡಾಟ್‌ನೆಟ್‌ನ (ಮೈಕ್ರೋಸಾಫ್ಟ್‌ನ ತಂತ್ರಾಂಶ ವೇದಿಕೆ) ಸೀರಿಯಲ್ ಪೋರ್ಟ್ ಕ್ಲಾಸಿನ ಹ್ಯಾಂಡ್‌ಶೇಕ್ (ಫ್ಲೋ ಕಂಟ್ರೋಲ್) ಪಟ್ಟಿಯಲ್ಲಿ ಅದು ಸಿಗುವುದಿಲ್ಲ; ಸಿಟಿಎಸ್‌ಗೆ ತಂದುಕೊಟ್ಟರೆ ಎರಡೂ ಕಡೆ ಒಂದೇ ಸೆಟ್ಟಿಂಗ್ ಸಾಕಾಗುತ್ತದೆ.