ಪುಟ್ಟ ಯಾರ ಜೊತೆನೂ ಬೆರೆಯಲ್ಲ ಅಂದಿದ್ಯಲ್ಲ, ಅದಕ್ಕೆ

ಶ್ವೇತಾ, ನಿನ್ನ ಮೆಸೇಜ್ ಈಗ ನೋಡ್ದೆ ಕಣೇ. ಟೈಪ್ ಮಾಡ್ತಾ ಕೂತ್ರೆ ಆಗೋ ಮಾತಲ್ಲ ಇದು, ಬಾಯಲ್ಲೇ ಹೇಳ್ತೀನಿ, ಗ್ರೂಪಲ್ಲಿ ಎಲ್ಲರೂ ಕೇಳಿಸ್ಕೊಳ್ಳಲಿ. ಪುಟ್ಟಂಗೆ ಮೂರು ತುಂಬ್ತು, ಆದ್ರೂ ಬೇರೆ ಮಕ್ಕಳ ಪಕ್ಕದಲ್ಲಿ ಕೂತು ತನ್ನ ಪಾಡಿಗೆ ಆಡ್ಕೋತಾನೆ ಅಂತ ನರ್ಸರಿ ಮಿಸ್ ಹೇಳಿದ್ರು, ಅದಕ್ಕೆ ನೀನು ರಾತ್ರಿ ನಿದ್ದೆ ಮಾಡಿಲ್ಲ. ಅಲ್ವಾ?

ಆ ವಯಸ್ಸಲ್ಲಿ ಮಕ್ಕಳು ಆಡೋದೇ ಹಾಗೆ ಕಣಮ್ಮ. ಅಂಗನವಾಡೀಲಿ ಇಷ್ಟು ವರ್ಷ ನೋಡಿದೀನಿ. ಮೂರು ವರ್ಷದ ಇಬ್ಬರನ್ನ ಮರಳಲ್ಲಿ ಬಿಡು, ಇಬ್ರೂ ಲೋಟ ತುಂಬಿಸ್ತಾರೆ, ಸುರೀತಾರೆ, ಮಾತಿಲ್ಲ ಕತೆಯಿಲ್ಲ. ಆದ್ರೆ ಒಬ್ಬ ತನ್ನ ಗುಡ್ಡೆಗೆ ಕಡ್ಡಿ ಚುಚ್ಚಿದ್ರೆ ಸ್ವಲ್ಪ ಹೊತ್ತಿಗೆ ಇನ್ನೊಬ್ಬನ ಗುಡ್ಡೆ ಮೇಲೂ ಕಡ್ಡಿ ನಿಂತಿರುತ್ತೆ. ನೋಡ್ತಾ ಇದಾನೆ, ಕಲೀತಾ ಇದಾನೆ. ಅಮೆರಿಕದ ಮಿನ್ನೆಸೋಟದಲ್ಲಿ ಮಿಲ್ಡ್ರೆಡ್ ಪಾರ್ಟನ್ ಅನ್ನೋರು ಪುಟ್ಟ ಮಕ್ಕಳ ಆಟವನ್ನ ಕೂತು ಗಮನಿಸಿ 1932ರಲ್ಲೇ ಇದನ್ನ ಬರೆದಿದಾರೆ. ಮೊದಮೊದಲು ಒಬ್ಬೊಬ್ಬರೇ, ಅಕ್ಕಪಕ್ಕ. ನಾಲ್ಕು, ಐದು ಆಗ್ತಾ ಆಗ್ತಾ ಸೇರಿ ಆಡೋದು ಜಾಸ್ತಿ. ತನಗೆ ಗೊತ್ತಿರೋದು ಎದುರಿನವನಿಗೆ ಗೊತ್ತಿಲ್ದೇ ಇರಬಹುದು ಅನ್ನೋ ತಿಳಿವಳಿಕೆ ಕೂಡ ಬರೋದು ಸುಮಾರು ಆ ಹೊತ್ತಿಗೇ. ಅದು ಬರದೆ ಪಾಲು ಹಂಚ್ಕೋ, ಸಾರಿ ಹೇಳು ಅಂತ ಗದರಿಸಿದ್ರೆ ಬಾಯಿ ಹೇಳುತ್ತೆ, ಅಷ್ಟೇ.

ಒಂದು ಹುಡುಗನ ವಿಷಯ ಹೇಳ್ತೀನಿ. ನಾಲ್ಕು ಹುಡುಗೀರು ಅಡುಗೆ ಆಟ ಆಡ್ತಿದ್ರೆ ಇವನು ಬಾಗಿಲ ಹತ್ರ ನಿಂತು ನೋಡೋನು. ಆಯಮ್ಮ ‘ಹೋಗೋ, ಸೇರ್ಕೋ’ ಅಂತ ತಳ್ಳೋಕೆ ಹೋದ್ರು, ನಾನೇ ಬೇಡ ಅಂದೆ. ಒಂದಿನ ಬೇಲಿ ಹತ್ರ ಹೋಗಿ ಮುಷ್ಟಿ ತುಂಬ ಎಲೆ ಕಿತ್ಕೊಂಡು ಬಂದ. ‘ಕೊತ್ತಂಬರಿ ಸೊಪ್ಪು ಬೇಕಾ, ತಾಜಾ ಇದೆ’ ಅಂದ. ‘ಎಷ್ಟಪ್ಪಾ ಕಟ್ಟು?’ ಅಂತ ಅವರೂ ಚೌಕಾಸಿ ಶುರು ಮಾಡಿದ್ರು. ಮುಗೀತು, ಆಟದೊಳಗೆ ಬಂದ್ಬಿಟ್ಟ! ‘ನನ್ನೂ ಸೇರಿಸ್ಕೊಳ್ಳಿ’ ಅಂತ ಕೇಳಿದ್ರೆ ‘ಊಹೂಂ’ ಅನ್ನಿಸ್ಕೊಳ್ಳೋದೇ ಹೆಚ್ಚು. ನಡೀತಿರೋ ಆಟಕ್ಕೆ ಬೇಕಾದ್ದನ್ನ ತಂದವನನ್ನ ಯಾರೂ ಓಡಿಸಲ್ಲ.

ನೀನು ಮಾಡಬಹುದಾದ್ದು ಇಷ್ಟೆ. ಒಂದೇ ಮಗುವನ್ನ ಮನೆಗೆ ಕರಿ, ಗುಂಪು ಬೇಡ. ಅವನ ಪ್ರಾಣದಂಥ ಜೆಸಿಬಿ ಗಾಡೀನ ಮೊದಲೇ ಬೀರುವಿನ ಮೇಲಿಟ್ಬಿಡು, ಅರ್ಧ ಜಗಳ ಅಲ್ಲೇ ತಪ್ಪುತ್ತೆ. ಸಂಜೆ ಬೀದಿ ಮಕ್ಕಳ ಜೊತೆ ಬಿಡು. ದೊಡ್ಡ ಹುಡುಗರು ಚಿಕ್ಕೋರನ್ನ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂತ ಸೇರಿಸ್ಕೋತಾರಲ್ಲ, ಔಟೇ ಇಲ್ಲ, ಆದ್ರೂ ಜೊತೇಲಿ ಓಡೋದುಂಟು. ಎಷ್ಟು ಒಳ್ಳೇ ಪದ್ಧತಿ ಅದು, ಅಪಾರ್ಟ್‌ಮೆಂಟುಗಳಲ್ಲಿ ಕಳ್ಕೊಳ್ತಾ ಇದೀವಿ.

ಹಾಂ, ಒಂದು ಮಾತ್ರ ಕೇಳು. ಹೆಸರು ಹಿಡಿದು ಕರೆದ್ರೆ ತಿರುಗದೇ ಇದ್ರೆ, ಬೇಕಾದ್ದನ್ನ ಬೆರಳು ಮಾಡಿ ತೋರಿಸದೇ ಇದ್ರೆ, ಮುಖ ಕೊಟ್ಟು ನೋಡದೇ ಇದ್ರೆ, ಬರ್ತಿದ್ದ ಮಾತು ನಿಂತು ಹೋದ್ರೆ, ತಡ ಮಾಡದೆ ಮಕ್ಕಳ ಡಾಕ್ಟರ್ ಹತ್ರ ಹೋಗಬೇಕು. ನಮ್ಮ ಪುಟ್ಟ ಮೊನ್ನೆ ವಿಡಿಯೋ ಕಾಲಲ್ಲಿ ನನಗೆ ಬೆಕ್ಕು ತೋರಿಸಿ ತೋರಿಸಿ ನಕ್ಕ, ನೀನೇ ನೋಡಿದ್ಯಲ್ಲ. ಇನ್ಮೇಲೆ ಮನೇಲಿ ಯಾರೂ ಅವನೆದುರಿಗೆ ಪುಕ್ಕಲ, ಮಂಕ ಅಂತ ಅನ್ನಬೇಡಿ, ಅತ್ತಿಗೇ ನಿಮಗೂ ಕೈಮುಗಿದು ಹೇಳ್ತಿದೀನಿ.

ಅವನಿಗಿಂತ ನಂಗೆ ದೊಡ್ಡವಳ ಮೇಲೆ ಗಮನ ಇದೆ. ಒಂಬತ್ತು ವರ್ಷ. ಚಿಕ್ಕೋರು ಬೆಳಿಗ್ಗೆ ಠೂ ಬಿಟ್ಟು ಮಧ್ಯಾಹ್ನ ಊಟದ ಹೊತ್ತಿಗೆ ಒಂದಾಗ್ತಾರೆ. ಈ ವಯಸ್ಸಿಗೆ ಗುಟ್ಟು ಹಂಚ್ಕೊಂಡಿರ್ತಾರೆ, ನಂಬಿರ್ತಾರೆ, ಆ ಗೆಳತಿ ಬೇರೆಯವರ ಪಕ್ಕ ಹೋಗಿ ಕೂತ್ರೆ ಎದೆಗೇ ತಾಗುತ್ತೆ. ಅವಳು ಎರಡು ದಿನದಿಂದ ಸ್ಕೂಲಿಗೆ ಹೋಗಲ್ಲ ಅಂತಿದಾಳೆ ಅಂತ ನೀನು ಕೊನೇಲಿ ಒಂದು ಸಾಲು ಹಾಕಿದ್ದೆ. ‘ಬಿಡೇ, ಬೇರೆ ಫ್ರೆಂಡ್ ಮಾಡ್ಕೋ’ ಅನ್ನಬೇಡ. ಆ ಹುಡುಗಿ ಅಮ್ಮಂಗೆ ಫೋನೂ ಮಾಡಬೇಡ, ಈಗಲೇ. ಇವತ್ತು ರಾತ್ರಿ ತಲೆ ಬಾಚ್ತಾ ಕೂತು ಏನಾಯ್ತು ಅಂತ ಕೇಳು, ಪೂರ್ತಿ ಹೇಳಲಿ, ಮಧ್ಯೆ ಬಾಯಿ ಹಾಕಬೇಡ. ನಾಳೆ ನಂಗೆ ಫೋನ್ ಮಾಡು.