ರೇಸ್ ಬಿಟ್ಟ ಕುದುರೆಗೆ ಬೆನ್ನು ತುಂಬ್ಕೊಳ್ಳೋಕೆ ಏನ್ ಮಾಡ್ಸೋದು?

ರೇಸ್ ಬಿಟ್ಟ 7 ವರ್ಷದ ಹೆಣ್ಣು ಕುದುರೆ ತಗೊಂಡು 4 ತಿಂಗ್ಳಾಯ್ತು, ಹೊಟ್ಟೆ ಬಂದಿದೆ ಆದ್ರೆ ಬೆನ್ನು ಇನ್ನೂ ಮನೆ ಸೂರಿನ ಥರ ಚೂಪು, ಸ್ಯಾಡಲ್ ಹಿಂದೆ ಕೈ ಇಟ್ರೆ ಮೂಳೆನೇ ಸಿಗತ್ತೆ. ಹುರುಳಿ ಜಾಸ್ತಿ ಮಾಡ್ಲಾ?

ಉತ್ತರ 1: ಬರೀ ಹುರುಳಿ ಸುರಿದ್ರೆ ಮಸಲ್ ಬರಲ್ಲ ಗುರು, ಕೆಲ್ಸ ಕೊಡ್ಬೇಕು. ದಿನಾ 20 ನಿಮಿಷ ಏರು ದಾರೀಲಿ ನಡೆಸಿ, ಲಗಾಮು ಸಡಿಲ ಬಿಟ್ಟು ಕತ್ತು ಮುಂದಕ್ಕೆ ಕೆಳಗೆ ಚಾಚೋಕೆ ಬಿಡಿ, ಹಿಂಗಾಲು ಹೊಟ್ಟೆ ಕೆಳಗೆ ಬಂದ್ರೇನೇ ಬೆನ್ನು ಏಳೋದು.

ಉತ್ತರ 2: ನೆಲದ್ಮೇಲೆ 4 ಕೋಲು ಹಾಕಿ ಅವನ್ನ ದಾಟ್ಕೊಂಡು ಟ್ರಾಟ್ (ಹಗುರ ಓಟ) ಮಾಡ್ಸಿ, ಅಂತರ ಸುಮಾರು 4.5 ಅಡಿ, ಅದ್ರ ಹೆಜ್ಜೆ ನೋಡ್ಕೊಂಡು ಸರಿಸಿ. ವಾರಕ್ಕೆ 2 ಸಲ ಸಾಕು. ನಮ್ದು ಮೊದಲ್ನೇ ದಿನ ನಾಲ್ಕೂ ಒದ್ದು ಹಾಕ್ತು 😄

ಉತ್ತರ 3: ಮೊದ್ಲು ಡಾಕ್ಟ್ರಿಗೆ ಹಲ್ಲು ತೋರ್ಸಿ, ಸ್ಯಾಡಲ್ ಒತ್ತತ್ತಾ ನೋಡಿ. ನೋವಿದ್ರೆ ಯಾವ ಎಕ್ಸರ್‌ಸೈಜೂ ದಂಡ.

ಸರಿ ಸರ್, ನಾಳೆನೇ ಸ್ಯಾಡಲ್ ನೋಡಿಸ್ತೀನಿ, ಹುರುಳಿ ಇದ್ದಷ್ಟೇ ಇರ್ಲಿ.