ಪಾಲಿಶ್ ಮಾಡಿದ ಹೊಳಪು ವಾಶ್ ಮಾಡ್ತಿದ್ದಂಗೆ ಮಾಯ, ಯಾರಾದ್ರೂ ಹೇಳಿ ಪ್ಲೀಸ್

ಹಳೇಗಾಡಿ:
ತಲೆ ಕೆಟ್ಟೋಗಿದೆ ಗುರುಗಳೇ. ಹಳೇ ಕೆಂಪು ಕಾರಿಗೆ ಕಾಂಪೌಂಡ್ (ಪೇಂಟ್ ಉಜ್ಜೋ ಒರಟು ಪೇಸ್ಟ್) ಹೊಡ್ದು ಪಾಲಿಶ್ ಮಾಡ್ದೆ, ಮುಗಿಸಿ ಹೊರಗೆ ತಂದಾಗ ಮುಖ ನೋಡ್ಕೊಳ್ಳೋ ಹಂಗೆ ಹೊಳೀತಿತ್ತು. ಆಮೇಲೆ ಒಂದೆರಡು ವಾಶ್ ಅಷ್ಟೇ, ಬಾನೆಟ್ಟು ರೂಫು ಎರಡೂ ಸೀಮೆಸುಣ್ಣ ಬಳ್ದಂಗೆ ಮತ್ತೆ ಬೆಳ್ಳಗೆ ಮಂಕು. ಮತ್ತೆ ಪಾಲಿಶ್ ಮಾಡ್ದೆ, ಮತ್ತೆ ಅದೇ ಕಥೆ. ಡೋರ್‌ಗಳು ಚೆನ್ನಾಗೇ ಇವೆ. ಕಾಂಪೌಂಡ್ ಒಳ್ಳೇದೇ, ಮೆಷಿನ್ನೂ ಒಳ್ಳೇದೇ, ಅದ್ರಲ್ಲಿ ಏನೂ ಪ್ರಾಬ್ಲಂ ಇಲ್ಲ. ಯಾವ ಪಾಲಿಶ್ ತಗೊಂಡ್ರೆ ನಿಲ್ಲುತ್ತೆ ಅಷ್ಟು ಹೇಳಿ ಸಾಕು.

ರೋಟರಿರಾಯ:
ಫಿಲ್ಲರ್ಸ್. ಇದ್ರಲ್ಲಿ ಯೋಚ್ನೆ ಮಾಡೋಕೆ ಏನೂ ಇಲ್ಲ. ಆಲ್ ಇನ್ ಒನ್ ಪಾಲಿಶ್‌ಗಳಲ್ಲಿ ಎಣ್ಣೆ, ಫಿಲ್ಲರ್ ತುಂಬ್ಸಿರ್ತಾರೆ, ಗೆರೆ ಹೋಗಿರಲ್ಲ ಮುಚ್ಕೊಂಡಿರುತ್ತೆ, ಶಾಂಪೂ ಬಿದ್ದ ಕೂಡ್ಲೇ ಎದ್ದು ಬರುತ್ತೆ. ಪಾಲಿಶ್ ಆದ್ಮೇಲೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ನೀರಲ್ಲಿ ಬೆರ್ಸಿ ಒರೆಸಿ ನೋಡಿ, 10ರಿಂದ 20 ಪರ್ಸೆಂಟ್ ಇದ್ರೆ ಸಾಕು, ಅಲ್ಲೇ ಬಣ್ಣ ಬಯಲಾಗುತ್ತೆ. ಡಿಎ (ಡ್ಯುಯಲ್ ಆಕ್ಷನ್, ಸುತ್ತುತ್ತಾ ಅಲ್ಲಾಡೋ ಮೆಷಿನ್) ಇಟ್ಕೊಂಡು ಸವರಿದ್ರೆ ಹಿಂಗೇ ಆಗೋದು. ರೋಟರಿ (ಅಲ್ಲಾಡದೆ ಬರೀ ಸುತ್ತೋ ಮೆಷಿನ್) ತಗೊಳ್ಳಿ, ವುಲ್ ಪ್ಯಾಡ್ ಹಾಕಿ ನಿಜವಾಗ್ಲೂ ಕತ್ತರ್ಸಿ, ಅಂದ್ರೆ ಮೇಲಿನ ತೆಳು ಪದರ ಉಜ್ಜಿ ತೆಗೀರಿ, ಆಮೇಲೆ ಫೋಮ್ ಪ್ಯಾಡಲ್ಲಿ ಸ್ಪೀಡ್ ಇಳ್ಸಿ ಫಿನಿಶ್ ಮಾಡಿ.

ಎಂಟುಮಿಲಿ:
ಅವ್ರು ಡಿಎ ಅಂತ ಎಲ್ಲಿ ಹೇಳಿದ್ರು? ಎಲ್ಲಾದಕ್ಕೂ ರೋಟರಿ ಅಂತ ಶುರು ಮಾಡ್ಬೇಡಿ ರಾಯರೇ. ಫೋರ್ಸ್ಡ್ ರೊಟೇಶನ್ (ಒತ್ತಿದ್ರೂ ಸುತ್ತೋದು ನಿಲ್ಲದ ಡಿಎ) ಮೆಷಿನ್‌ಗೆ ಒಳ್ಳೇ ಮೈಕ್ರೋಫೈಬರ್ ಪ್ಯಾಡ್ ಹಾಕಿದ್ರೆ ಕಟ್ ಏನೂ ಕಮ್ಮಿ ಬರಲ್ಲ, ಹೋಲೋಗ್ರಾಮ್ (ಬಿಸಿಲಲ್ಲಿ ಕಾಣೋ ಮೆಷಿನ್ ಗೆರೆ) ಕಾಟಾನೂ ಇಲ್ಲ. ನನ್ನತ್ರ ಪ್ಯಾಡ್ 8 ಮಿಲಿಮೀಟರ್ ಅಲ್ಲಾಡೋದು, 15 ಮಿಲಿದು, 21 ಮಿಲಿದು ಮೂರೂ ಇದೆ, ವಿಂಡ್‌ಶೀಲ್ಡ್ ಪಕ್ಕದ ಎ ಪಿಲ್ಲರ್‌ಗೆ, ಮಿರರ್ ಸುತ್ತ ಅಂತ ಮಿನಿ ಬೇರೆ. ರೋಟರಿ ಮುಟ್ಟೇ ಇಲ್ಲ ಈಚೆಗೆ.

ರೋಟರಿರಾಯ:
ಹೋಲೋಗ್ರಾಮ್ ಬರೋದು ಕೈಯಿಂದ, ಮೆಷಿನ್ನಿಂದ ಅಲ್ಲ. ಪ್ಯಾಡ್ ಫ್ಲಾಟಾಗಿ ಇಟ್ಟು 1000 ಆರ್‌ಪಿಎಂ ಒಳಗೆ ಇಳ್ಸಿ ಫಿನಿಶ್ ಮಾಡೋಕೆ ಬಂದ್ರೆ ಯಾವ ಹೋಲೋಗ್ರಾಮೂ ಇಲ್ಲ.

ಮೈಕ್ರಾನ್:
ಇಬ್ರೂ ಒಂದ್ನಿಮಿಷ ನಿಲ್ಸಿ. ಪೇಂಟ್ ಎಷ್ಟಿದೆ ಅಂತ ಗೊತ್ತಿಲ್ದೆ ಕತ್ತರ್ಸಿ ಅನ್ನೋದು ಅಪಾಯ. ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ ಒಟ್ಟು 100ರಿಂದ 140 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಆಸುಪಾಸು, ಅದ್ರಲ್ಲಿ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) 40-50 ಮಾತ್ರ. ಇವ್ರು ಆಗ್ಲೇ ಒಂದಕ್ಕಿಂತ ಜಾಸ್ತಿ ಸಲ ಕಾಂಪೌಂಡ್ ಹೊಡ್ದಿದಾರೆ. ಹಳೇಗಾಡಿ ಅವ್ರೇ, ಪೇಂಟ್ ದಪ್ಪ ಅಳೆಯೋ ಗೇಜ್ ಇಟ್ಟು ರೀಡಿಂಗ್ ಹಾಕಿ. ನನ್ಗಂತೂ ಕ್ಲಿಯರ್ ಕೋಟ್ ಮುಗ್ದಿದೆ ಅನ್ಸುತ್ತೆ. ಬಿಸಿಲು ನೇರವಾಗಿ ಬೀಳೋ ಬಾನೆಟ್, ರೂಫ್ ಮಾತ್ರ ಹೋಗಿ ಡೋರ್ ಚೆನ್ನಾಗಿರೋದು ಅದೇ ಲಕ್ಷಣ.

ಹಳೇಗಾಡಿ:
ಗೇಜ್ ಇಲ್ಲ. ಐಪಿಎ ಹಾಕಿ ಒರೆಸ್ದೆ, ರೂಫಲ್ಲಿ ಬಟ್ಟೆಗೆಲ್ಲ ಕೆಂಪು ಬಂತು, ಮಂಕೂ ವಾಪಸ್ ಬಂತು. ಹಂಗಾದ್ರೆ ಫಿಲ್ಲರ್ಸೇನಾ? ಪಾಲಿಶ್ ಮಾಡುವಾಗ್ಲೂ ಪ್ಯಾಡ್ ಕೆಂಪಗಾಗ್ತಿತ್ತು, ಅದು ಎಲ್ರಿಗೂ ಆಗೋದೇ ಅಂತ ಬರೀಲಿಲ್ಲ.

ರೋಟರಿರಾಯ:
ನೋಡಿ, ನಾನು ಮೊದ್ಲೇ ಹೇಳಿದ್ದೆ. ಫಿಲ್ಲರ್ಸ್.

ಬೂತ್‌ಬಣ್ಣ:
ಅದು ಎಲ್ರಿಗೂ ಆಗಲ್ಲ, ಅದೇ ಇಲ್ಲಿ ಮುಖ್ಯವಾದ ವಿಷ್ಯ! ಪ್ಯಾಡ್‌ಗೆ ಕಾರಿನ ಬಣ್ಣ ಹತ್ತುತ್ತೆ ಅಂದ್ರೆ ಅದು ಸಿಂಗಲ್ ಸ್ಟೇಜ್ ಪೇಂಟ್. ಮೇಲೆ ಕ್ಲಿಯರ್ ಇಲ್ಲವೇ ಇಲ್ಲ, ಬಣ್ಣಾನೇ ಮೇಲ್ಮೈ. ಕ್ಲಿಯರ್ ಇದ್ದು ಅದು ಸರಿಯಾಗಿದ್ರೆ ಪ್ಯಾಡಲ್ಲಿ ಬಣ್ಣ ಬರಲ್ಲ. 80ರ ದಶಕದಲ್ಲಿ ಕ್ಲಿಯರ್ ಕೋಟ್ ಎಲ್ಲಾ ಕಡೆ ಬಂತು ಅಂತಾರೆ, ಆದ್ರೆ ಅದು ಮೊದ್ಲು ಹೋಗಿದ್ದು ಮೆಟಾಲಿಕ್‌ಗಳಿಗೆ, ಕೆಂಪು ಬಿಳಿ ಥರ ಸಾಲಿಡ್ ಕಲರ್‌ಗಳು ಆಮೇಲೂ ತುಂಬಾ ವರ್ಷ ಸಿಂಗಲ್ ಸ್ಟೇಜಲ್ಲೇ ಬಂದ್ವು.

ಸಿಂಗಲ್ ಸ್ಟೇಜ್ ಬಿಸಿಲಿಗೆ ಆಕ್ಸಿಡೈಸ್ ಆದ್ರೆ ಮೇಲಿನ ಪದರ ಸತ್ತು ಪುಡಿಯಾಗುತ್ತೆ, ಕೆಂಪಲ್ಲಿ ಇದು ಜಾಸ್ತಿ. ಆ ಪುಡಿಯೆಲ್ಲ ಪ್ಯಾಡ್ ಕುಡಿಯುತ್ತೆ, ತುಂಬ್ಕೊಂಡ ಪ್ಯಾಡ್ ಕತ್ತರ್ಸೋದು ಬಿಟ್ಟು ಅದೇ ಪುಡೀನ ಎಣ್ಣೇಲಿ ಕಲ್ಸಿ ವಾಪಸ್ ಸವರುತ್ತೆ, ಅದಕ್ಕೇ ಆ ಕ್ಷಣಕ್ಕೆ ಹೊಳಪು. ನೀರು ಶಾಂಪೂ ಬಿದ್ರೆ ಎಣ್ಣೆ ಹೋಗಿ ಸತ್ತ ಪದರ ಹಂಗೇ ಕಾಣುತ್ತೆ. ಸೋ ಫಿಲ್ಲರ್ ಅನ್ನೋದು ಅರ್ಧ ಮಾತ್ರ ಸರಿ ರಾಯರೇ, ಪಾಲಿಶ್ ಬದ್ಲಾಯ್ಸಿದ್ರೆ ಇದು ಹೋಗಲ್ಲ.

ಈಗ ಇಷ್ಟು ಹೇಳಿ: ಎಷ್ಟು ಪ್ಯಾಡಲ್ಲಿ ಮುಗ್ಸಿದ್ರಿ, ವಾಶ್‌ಗೆ ಏನು ಹಾಕ್ತೀರ, ಪಾಲಿಶ್ ಮೇಲೆ ವ್ಯಾಕ್ಸ್ ಹಾಕಿದ್ರಾ, ಬಾನೆಟಲ್ಲೂ ಪ್ಯಾಡ್ ಕೆಂಪಾಗುತ್ತಾ?

ಫೋಮ್‌ಕ್ಯಾನನ್:
ಇವೆಲ್ಲ ಗೊತ್ತಾಗ್ಬೇಕಂದ್ರೆ ಲೈಟಿಂಗ್ ಸರಿ ಇರ್ಬೇಕು. ನನ್ನ ಗ್ಯಾರೇಜಲ್ಲಿ ಸೀಲಿಂಗ್ ಪೂರ್ತಿ ಷಡ್ಭುಜ ಎಲ್‌ಇಡಿ ಹಾಕಿದೀನಿ, ಜೊತೆಗೆ ಕೈಲಿ ಹಿಡ್ಕೊಳ್ಳೋ ಹೈ ಸಿಆರ್‌ಐ (ಬಣ್ಣ ಇದ್ದಂಗೇ ತೋರ್ಸೋ) ಲೈಟ್, ಒಂದು ಸ್ವರ್ಲೂ (ಸುತ್ತು ಸುತ್ತಾದ ಸಣ್ಣ ಗೆರೆ) ತಪ್ಪಿಸ್ಕೊಳಲ್ಲ. ಬೇಕಾದ್ರೆ ಫೋಟೋ ಹಾಕ್ತೀನಿ.

ಎಂಟುಮಿಲಿ:
ಹಾಕಿ ಹಾಕಿ, ನಾನೂ ಅದನ್ನೇ ಹಾಕ್ಸೋಣ ಅಂತಿದೀನಿ. ಎಲ್‌ಇಡಿಗೆ ಕರೆಂಟ್ ಕೊಡೋ ಡ್ರೈವರ್ ಯಾವ್ದು?

ಹಳೇಗಾಡಿ:
@ಬೂತ್‌ಬಣ್ಣ ಒಂದೇ ಪ್ಯಾಡ್ ಸರ್, ಪೂರ್ತಿ ಗಾಡಿಗೆ. ವಾಶ್‌ಗೆ ಎಂಜಿನ್ ಡಿಗ್ರೀಸರನ್ನೇ ನೀರು ಬೆರ್ಸಿ ಹಾಕ್ತೀನಿ, ಕೊಳೆ ಚೆನ್ನಾಗಿ ಬಿಡುತ್ತೆ ಅಂತ. ವ್ಯಾಕ್ಸ್ ಹಾಕಿಲ್ಲ, ಹೊಳಪು ನಿಂತ್ಮೇಲೆ ಕೋಟಿಂಗ್ ಹಾಕೋಣ ಅಂತ. ಬಾನೆಟಲ್ಲಿ ಪ್ಯಾಡ್ ಕೆಂಪಾಗಿಲ್ಲ, ಈಗ್ಲೇ ಕೈಯಲ್ಲೂ ಉಜ್ಜಿ ನೋಡ್ದೆ. ಹಿಂದಿನ ಓನರ್ ಬಾನೆಟ್ ಪೇಂಟ್ ಮಾಡ್ಸಿದ್ರಂತೆ, ಅದಕ್ಕೂ ಇದಕ್ಕೂ ಸಂಬಂಧ ಇದ್ಯಾ?

ಮೈಕ್ರಾನ್:
ಇದೆ ಸ್ವಾಮಿ, ತುಂಬಾ ಇದೆ!! ಗೇಜ್ ಇದ್ದಿದ್ರೆ ಮೊದಲನೇ ರೀಡಿಂಗಲ್ಲೇ ಗೊತ್ತಾಗ್ತಿತ್ತು, ಒಂದು ಪ್ಯಾನಲ್ ಮಾತ್ರ 200 ದಾಟಿದ್ರೆ ರೀಪೇಂಟ್ ಅಂತ ಅನುಮಾನ ಪಡ್ಬೇಕು. ನಾನ್ ಹೇಳಿದ ಕ್ಲಿಯರ್ ಕೋಟ್ ಮಾತು ಬಾನೆಟ್‌ಗೆ ಹಂಡ್ರೆಡ್ ಪರ್ಸೆಂಟ್ ಸರಿ.

ರೋಟರಿರಾಯ:
ಗೇಜ್ ಒಟ್ಟು ದಪ್ಪ ತೋರ್ಸುತ್ತೆ ಅಷ್ಟೇ, ಕ್ಲಿಯರ್ ಎಷ್ಟು ಉಳ್ದಿದೆ ಅಂತ ನಿಮ್ಮ ಗೇಜ್ ಹೇಳಲ್ಲ. ಬಾನೆಟ್ ಅಲ್ಯೂಮಿನಿಯಂ ಆಗಿದ್ರೆ ಮ್ಯಾಗ್ನೆಟಿಕ್ ಗೇಜ್ ಓದೋದೇ ಇಲ್ಲ.

ಮೈಕ್ರಾನ್:
ನನ್ನದು ಕಬ್ಬಿಣ, ಅಲ್ಯೂಮಿನಿಯಂ ಎರಡೂ ಓದುತ್ತೆ. ಪ್ಲಾಸ್ಟಿಕ್ ಬಂಪರ್ ಬಿಟ್ರೆ ಎಲ್ಲಾ ಓದುತ್ತೆ.

ಬೂತ್‌ಬಣ್ಣ:
ಇಲ್ಲಿರೋದು ಎರಡು ಬೇರೆ ಬೇರೆ ಕಾಯಿಲೆ: ರೂಫಲ್ಲಿ ಸತ್ತ ಸಿಂಗಲ್ ಸ್ಟೇಜ್, ಬಾನೆಟಲ್ಲಿ ರೀಪೇಂಟ್ ಮೇಲಿನ ಕ್ಲಿಯರ್. ಒಂದೇ ಅಂತ ಅಂದ್ಕೊಂಡಿದ್ದಕ್ಕೇ ಇಷ್ಟುದ್ದ ಹೋಗಿದೆ.

ರೂಫ್ ಉಳಿಯುತ್ತೆ. ಮೊದ್ಲು ಆ ಡಿಗ್ರೀಸರ್ ನಿಲ್ಸಿ, ಪಿಎಚ್ ನ್ಯೂಟ್ರಲ್ ಶಾಂಪೂ ಹಾಕಿ. ತೊಳ್ದು ಕ್ಲೇ ಮಾಡಿ, ಅಂದ್ರೆ ಹಿಡ್ಕೊಂಡಿರೋ ಕೊಳೆನ ಜೇಡಿಮಣ್ಣಿನಂಥ ಕ್ಲೇ ಬಾರಲ್ಲಿ ಉಜ್ಜಿ ತೆಗೀರಿ. ನಿಮ್ಮದು ಬೆಳಗಿನ ಜಾವದ ಕೆಲಸ ಆಗ್ಲಿ, ಬಿಸಿಯಾದ ಪ್ಯಾನಲ್ ಮೇಲೆ ಕಾಂಪೌಂಡ್ ಒಣಗಿ ಹಿಡ್ಕೊಳುತ್ತೆ. ಸತ್ತ ಪೇಂಟ್ ಒಣಗಿರುತ್ತೆ, ಅದಕ್ಕೆ ಮೆಗ್ವಾಯರ್ಸ್ ನಂಬರ್ 7 ಥರ ಎಣ್ಣೆ ಜಾಸ್ತಿ ಇರೋ ಗ್ಲೇಜ್ ಧಾರಾಳವಾಗಿ ಹಾಕಿ ಟವೆಲಲ್ಲಿ ಕೈಯಿಂದ ಉಜ್ಜಿ, ರಾತ್ರಿಯೆಲ್ಲ ಹಂಗೇ ಬಿಡಿ, ಬೆಳಗ್ಗೆ ಒರೆಸಿ. ಹಳೇ ಪೇಂಟ್ ಸರಿ ಮಾಡೋರು ಮೆಷಿನ್ ಹಚ್ಚೋಕೆ ಮುಂಚೆ ಮಾಡೋದು ಇದನ್ನೇ. ಆಮೇಲೆ ಫೋಮ್ ಪ್ಯಾಡಲ್ಲಿ ಮೀಡಿಯಂ ಪಾಲಿಶ್, ಎರಡು ಕೈಯಗಲ ಜಾಗ ಮುಗ್ದ ತಕ್ಷಣ ಪ್ಯಾಡ್ ಬ್ರಶ್ ಮಾಡಿ ಇಲ್ಲಾ ಗಾಳಿ ಹೊಡೀರಿ, ಪೂರ್ತಿ ಕೆಂಪಾದ್ರೆ ಬೇರೆ ಪ್ಯಾಡ್ ಹಾಕಿ. ರೂಫ್ ಒಂದಕ್ಕೇ ನಾಲ್ಕೈದು ಪ್ಯಾಡ್ ಇಟ್ಕೊಳ್ಳಿ. ವುಲ್, ಮೈಕ್ರೋಫೈಬರ್ ಎರಡೂ ಬೇಡ, ಈ ಪೇಂಟ್ ಮೆತ್ತಗಿರುತ್ತೆ, ಬೇಗ ತೆಳುವಾಗುತ್ತೆ. ಅಂಚುಗಳಿಗೆ ಟೇಪ್ ಹಾಕಿ. ಮುಗ್ದ ದಿನಾನೇ ವ್ಯಾಕ್ಸ್ ಇಲ್ಲಾ ಸೀಲೆಂಟ್ ಹಾಕಿ, ಕಾಯ್ಬೇಡಿ. ಹಳೇ ಪೇಂಟಲ್ಲಿ ಸೀಸ ಇರೋ ಸಾಧ್ಯತೆ ಇದೆ, ನೀರಿಲ್ದೆ ಒಣಗಿದ್ದಂಗೇ ಸ್ಯಾಂಡ್ ಪೇಪರ್ ಉಜ್ಜೋಕೆ ಹೋಗ್ಬೇಡಿ, ಪುಡಿ ಹಾರೋ ಕೆಲಸಕ್ಕೆ ಮಾಸ್ಕ್ ಬೇಕೇ ಬೇಕು.

ಬಾನೆಟ್ ಒದ್ದೆ ಮಾಡಿ ನೋಡಿ. ಒದ್ದೆಯಲ್ಲೂ ಬಿಳಿ ಕಲೆ ಹಂಗೇ ಇದ್ರೆ, ಅಂಚು ಉಗುರಿಗೆ ಸಿಕ್ರೆ, ಕ್ಲಿಯರ್ ಎದ್ದಿದೆ ಅಂತ ಅರ್ಥ. ಪಾಲಿಶ್ ಮಾಡಿದಷ್ಟೂ ಹರಡುತ್ತೆ.

ಎಂಟುಮಿಲಿ:
ವ್ಯಾಕ್ಸ್ ಯಾಕೆ, ಡೈರೆಕ್ಟಾಗಿ ಸೆರಾಮಿಕ್ ಕೋಟಿಂಗ್ ಹಾಕ್ಲಿ ಬಿಡಿ. ವರ್ಷಗಟ್ಲೆ ನಿಲ್ಲುತ್ತೆ.

ಬೂತ್‌ಬಣ್ಣ:
ಸೆರಾಮಿಕ್ ಹಿಡೀಬೇಕಂದ್ರೆ ಎಣ್ಣೆಯೆಲ್ಲ ಒರೆಸಿ ತೆಗೀಬೇಕು, ಈ ಪೇಂಟ್ ನಿಂತಿರೋದೇ ಆ ಎಣ್ಣೆ ಮೇಲೆ. ಹಳೇ ಸಿಂಗಲ್ ಸ್ಟೇಜ್‌ಗೆ ನಾನು ವ್ಯಾಕ್ಸೇ ಹಾಕೋದು, ಮಂಕಾದ್ರೆ ಮತ್ತೆ ಸುಲಭವಾಗಿ ಕೆಲಸ ಮಾಡ್ಬಹುದು.

ಎಂಟುಮಿಲಿ:
ಒಪ್ಪಲ್ಲ. ಸಿಂಗಲ್ ಸ್ಟೇಜ್ ಮೇಲೆ ಸೆರಾಮಿಕ್ ಹಾಕಿ ಚೆನ್ನಾಗಿರೋ ಗಾಡಿ ನಾನೇ ನೋಡಿದೀನಿ. ಬೇರೆ ಥ್ರೆಡ್ ಶುರು ಮಾಡ್ತೀನಿ, ಅಲ್ಲಿ ಮಾತಾಡೋಣ.

ಹಳೇಗಾಡಿ:
ರೂಫ್ ಬಂತು!! ಗ್ಲೇಜ್ ಹಚ್ಚಿ ರಾತ್ರಿ ಬಿಟ್ಟು ಹೇಳಿದಂಗೇ ಪ್ಯಾಡ್ ಬದ್ಲಾಯ್ಸ್ತಾ ಮಾಡ್ದೆ, ಟವೆಲ್ ನೋಡಿದ್ರೆ ಭಯ ಆಗೋಷ್ಟು ಕೆಂಪು. ವ್ಯಾಕ್ಸ್ ಹಾಕಿ ಹೊಸ ಶಾಂಪೂಲಿ ವಾಶ್ ಮಾಡಿದ್ಮೇಲೂ ಹೊಳಪು ಹಂಗೇ ಇದೆ. ಈ ಕೆಂಪು ಇಷ್ಟು ಆಳ ಇತ್ತಾ ಅಂತ ನೋಡ್ತಾನೇ ಇದೀನಿ. ಬಾನೆಟ್ ಮಾತ್ರ ಒದ್ದೆ ಮಾಡಿದ್ರೂ ಬಿಳಿ ಹೋಗ್ತಿಲ್ಲ, ವೈಪರ್ ಹತ್ರ ಉಗುರಿಗೆ ಸಿಪ್ಪೆ ಎದ್ದು ಬರ್ತಿದೆ. 2000 ಗ್ರಿಟ್ ಸ್ಯಾಂಡ್ ಪೇಪರ್ ಹಾಕಿ ನೀರಲ್ಲಿ ಉಜ್ಜಿ ಮೇಲೆ ಕ್ಲಿಯರ್ ಸ್ಪ್ರೇ ಹೊಡೆದ್ರೆ ಆಗಲ್ವಾ?

ಬೂತ್‌ಬಣ್ಣ:
ಆಗಲ್ಲ. ಎದ್ದ ಕ್ಲಿಯರ್ ಮೇಲೆ ಹೊಸ ಕ್ಲಿಯರ್ ಹೊಡೆದ್ರೆ ಅದೂ ಜೊತೆಗೇ ಏಳುತ್ತೆ. ಹಳೇದನ್ನ ಪೂರ್ತಿ ಇಳ್ಸಿ, ಬೇಕಾದ ಕಡೆ ಪ್ರೈಮರ್ ಹಾಕಿ ಬಣ್ಣ ಹೊಡೀಬೇಕು, ಅದು ಪೇಂಟರ್ ಕೆಲಸ. ಒಂದು ಒಳ್ಳೇದಾಯ್ತು, ರೂಫ್ ಮೊದ್ಲು ಮುಗ್ಸಿದ್ರಿ. ಬಣ್ಣ ಮ್ಯಾಚ್ ಮಾಡೋಕೆ ಈಗಿನ ಹೊಳಪಿನ ಕೆಂಪನ್ನೇ ತೋರ್ಸಿ, ಮಂಕಾಗಿದ್ದಾಗ ಮ್ಯಾಚ್ ಮಾಡ್ಸಿದ್ರೆ ಆಮೇಲೆ ಪಾಲಿಶ್ ಮಾಡ್ದಾಗ ಬಾನೆಟ್ ಒಂದೇ ಬೇರೆ ಕಾಣ್ತಿತ್ತು. ಫೆಂಡರ್‌ಗಳನ್ನೂ ಅಷ್ಟರೊಳಗೆ ಪಾಲಿಶ್ ಮಾಡ್ಬಿಡಿ, ಪಕ್ಕದಲ್ಲಿ ಅವೇ ತಾನೆ ಕಾಣೋದು.

ರೋಟರಿರಾಯ:
ಫೆಂಡರ್‌ಗೆ ರೋಟರಿ ಹಾಕಿ, ಅರ್ಧ ಟೈಮಲ್ಲಿ ಮುಗಿಯುತ್ತೆ.

ಬಿಳಿಕಾರು:
ನಂದೂ ಹಳೇದು, ಸಾಲಿಡ್ ವೈಟ್. ಪ್ಯಾಡೂ ಬಿಳಿ, ಕಾಂಪೌಂಡೂ ಬಿಳಿ, ಸಿಂಗಲ್ ಸ್ಟೇಜಾ ಕ್ಲಿಯರಾ ಅಂತ ಹೆಂಗೆ ಗೊತ್ತಾಗೋದು?

ಮೈಕ್ರಾನ್:
ಕಣ್ಣಿಗೆ ಬೀಳದ ಜಾಗದಲ್ಲಿ ಕಪ್ಪು ಬಟ್ಟೆಗೆ ಬಿಳಿ ಅಲ್ಲದ, ಬಣ್ಣ ಇರೋ ಪಾಲಿಶ್ ಚೂರು ಹಾಕಿ ಕೈಯಲ್ಲಿ ಉಜ್ಜಿ. ಬಟ್ಟೆಗೆ ಬಿಳಿ ಹತ್ತಿದ್ರೆ ಸಿಂಗಲ್ ಸ್ಟೇಜ್. ಮತ್ತೆ ಗೇಜ್ ಒಂದು ತಗೊಳ್ಳಿ.